ಉನ್ಮಾದವೂ ಮನೆಯವರ ಧರ್ಮವೂ

ಕಳೆದ ತಿಂಗಳ ನಮ್ಮ ಸಂಘದ ಕೂಟದಲ್ಲಿ ಹಿರಿಯ ಸದಸ್ಯರೊಬ್ಬರು ಮಾತಿನ ನಡುವೆ, “ಬುದ್ಧಿ ಕೆಟ್ಟವರನ್ನು ಆಸ್ಪತ್ರೆಗೆ ಒಪ್ಪಿಸಿದ ಮೇಲೆ ಮನೆಯವರ ಋಣ ತೀರಿತು” ಎಂದರು. ಕೆಲವರು ತಲೆದೂಗಿದರು. ಕೂಡಲೇ ತರುಣ ಮಿತ್ರರೊಬ್ಬರು ಎದ್ದು, “ಯಾರನ್ನೇ ಆಗಲಿ ಅವರ ಒಪ್ಪಿಗೆಯಿಲ್ಲದೆ ಅಲ್ಲಿಗೆ ಸೇರಿಸುವುದೇ ಅಧರ್ಮ” ಎಂದರು. ಅದಕ್ಕೂ ಕೆಲವರು ತಲೆದೂಗಿದರು. ಈ ಎರಡು ಮತಗಳೂ ಸಮನಾಗಿ ತಪ್ಪೆಂದು ತೋರಿಸುವುದೇ ಈ ಲೇಖನದ ಉದ್ದೇಶ. ಸಾಹಿತ್ಯಪತ್ರಿಕೆಯಲ್ಲಿ ಇಂಥ ವಿಷಯವೇಕೆಂದು ಕೇಳುವ ವಾಚಕರುಂಟಾದರೆ, ಕರುಣರಸವನ್ನು ಕಾವ್ಯದಲ್ಲಿ ಆಸ್ವಾದಿಸಿ ಪಕ್ಕದ ಮನೆಯಲ್ಲಿ ಕಂಡಾಗ ಕದವಿಕ್ಕಿಕೊಳ್ಳುವವನು ಸಹೃದಯನೆನಿಸಲಾರನೆಂಬುದೇ ಅವರಿಗೆ ನನ್ನ ಉತ್ತರ.

ಮೊದಲು ತರುಣರ ಪಕ್ಷವನ್ನು ವಿಚಾರಿಸೋಣ. ಅದು ನಿರಾಧಾರವಾದುದಲ್ಲ. 2001ನೆಯ ಇಸವಿ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸರೆಯಲ್ಲಿ ಗುಣ ಬಯಸಿ ಬಂದವರನ್ನಿಟ್ಟಿದ್ದ ಒಂದು ಖಾಸಗಿ ಗುಡಿಸಲಿಗೆ ಬೆಂಕಿ ಬಿದ್ದಿತು. ಕಾಲಿಗೆ ಸರಪಳಿಯಿದ್ದುದರಿಂದ ಓಡಲಾರದೆ 28 ಮಂದಿ ಬೆಂದುಹೋದರು. ಅವರನ್ನು ಅಲ್ಲಿ ಬಿಟ್ಟುಬಂದವರು ಹಗೆಗಳಲ್ಲ, ಬಂಧುಗಳು. ಇನ್ನು ಕಾನೂನಿನ ಮಾತು. 1912ರ ಅಧಿನಿಯಮವು ರೋಗಿಯನ್ನು ‘ಲೂನಟಿಕ್’ ಎಂದು ಕರೆದು, ಲೋಕವನ್ನು ಅವನಿಂದ ಕಾಪಾಡುವುದನ್ನೇ ಮುಖ್ಯವಾಗಿ ಎಣಿಸಿತು. ಲೋಕದಿಂದ ಅವನನ್ನು ಕಾಪಾಡಬೇಕೆಂದು ಎಣಿಸಲಿಲ್ಲ. ಇಂಥ ಚರಿತ್ರೆಯನ್ನು ಓದಿದ ತರುಣನು ಬಲಾತ್ಕಾರವೆಂದೊಡನೆ ಬೆಚ್ಚುವುದು ಸಹಜವೇ ಸರಿ.

ಆದರೆ ಒಪ್ಪಿಗೆಯೆಂಬುದು ಬುದ್ಧಿಯ ಕಾರ್ಯ. ಆ ಬುದ್ಧಿಯೇ ವ್ಯಾಧಿಗ್ರಸ್ತವಾದಾಗ ಒಪ್ಪಿಗೆಯನ್ನು ಎಲ್ಲಿಂದ ತರುವುದು? ಚರಕಸಂಹಿತೆಯು ಉನ್ಮಾದವನ್ನು ಲಕ್ಷಿಸುವಾಗ ಮನಸ್ಸು, ಬುದ್ಧಿ, ಸಂಜ್ಞೆ, ಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರಗಳ ವಿಭ್ರಮವೆಂದು ಹೇಳುತ್ತದೆ. ತನಗೆ ರೋಗವೇ ಇಲ್ಲವೆಂಬ ದೃಢವಾದ ನಂಬಿಕೆಯೇ ಎಷ್ಟೋ ವೇಳೆ ಈ ರೋಗದ ಮುಖ್ಯಚಿಹ್ನೆ. ಉಪವಾಸದಿಂದ ಒಣಗುತ್ತಿರುವವನು, “ಅನ್ನದಲ್ಲಿ ವಿಷವಿದೆ” ಎಂದು ತಟ್ಟೆಯನ್ನು ದೂಡಿದರೆ, ಅವನ ಸ್ವಾತಂತ್ರ್ಯಕ್ಕೆ ಕೈಮುಗಿದು ಕುಳಿತಿರುವುದು ಗೌರವವಲ್ಲ, ಉಪೇಕ್ಷೆ.

ಇಲ್ಲಿ ನಮ್ಮ ಪ್ರಾಚೀನರ ಅಭಿಮಾನಿಗಳಿಗೂ ಒಂದು ಮಾತು ಹೇಳಬೇಕು. ದೆವ್ವವು ಹಿಡಿದಿದೆ, ಮಾಟವಾಗಿದೆ ಎಂದು ತಾಯಿತ ಕಟ್ಟಿಸುತ್ತ ತಿಂಗಳುಗಟ್ಟಲೆ ಕಳೆಯುವವರು ಶಾಸ್ತ್ರದ ಹೆಸರನ್ನೆತ್ತುವರು. ಅದೇ ಚರಕಸಂಹಿತೆಯ ನಿದಾನಸ್ಥಾನವಾದರೋ ದೇವತೆಗಳೂ ಪಿಶಾಚರಾಕ್ಷಸರೂ ತಾವಾಗಿ ಯಾರನ್ನೂ ಪೀಡಿಸುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ಆದರೆ ಅಲ್ಲಿಯೇ ರೋಗಕ್ಕೆ ರೋಗಿಯ ಪ್ರಜ್ಞಾಪರಾಧವನ್ನು ಕಾರಣವೆಂದು ಹೇಳಿರುವುದನ್ನೂ, ಚಿಕಿತ್ಸಾಸ್ಥಾನದಲ್ಲಿ ಸಾಂತ್ವನ ಹರ್ಷಗಳೊಡನೆ ಕಟ್ಟಿಹಾಕುವುದನ್ನೂ, ಹಲ್ಲು ಕಿತ್ತ ಹಾವನ್ನು ತೋರಿಸಿ ಹೆದರಿಸುವುದನ್ನೂ ವಿಧಿಸಿರುವುದನ್ನೂ ನಾನು ಮುಚ್ಚಿಡಲಾರೆ. ಸಂಸ್ಕೃತವನ್ನು ಓದಿದವನ ಕರ್ತವ್ಯವು ಗ್ರಂಥದ ಸಾಂತ್ವನವನ್ನು ಉಳಿಸಿಕೊಂಡು ಭಯವನ್ನು ಬಿಡುವುದು, ಎಲ್ಲವನ್ನೂ ಹೊಗಳುವುದಲ್ಲ.

ಹಾಗಾದರೆ ಬಲವನ್ನು ಯಾವಾಗ, ಎಷ್ಟು ಪ್ರಯೋಗಿಸಬೇಕು? 2017ರ ಮಾನಸಿಕ ಆರೋಗ್ಯ ಅಧಿನಿಯಮವು ಇದಕ್ಕೆ ನಮ್ಮ ಗೋಷ್ಠಿಗಿಂತ ವಿವೇಕವಾದ ಉತ್ತರವನ್ನು ಕೊಟ್ಟಿದೆ. ವ್ಯಾಧಿಯು ತೀವ್ರವಾಗಿ, ರೋಗಿಯು ತನಗೆ ಅಪಾಯ ತಂದುಕೊಳ್ಳುವ, ಪರರಿಗೆ ಹಾನಿ ಮಾಡುವ, ಅಥವಾ ತನ್ನ ಆರೈಕೆಯನ್ನು ತಾನು ಮಾಡಿಕೊಳ್ಳಲಾರದ ಸ್ಥಿತಿಯಲ್ಲಿರಬೇಕು. ಒಬ್ಬ ಮನೋವೈದ್ಯರೂ ಇನ್ನೊಬ್ಬ ತಜ್ಞರು ಅಥವಾ ವೈದ್ಯರೂ ಬೇರೆಬೇರೆಯಾಗಿ ಪರೀಕ್ಷಿಸಿ ಅದನ್ನು ಒಪ್ಪಬೇಕು. ಇದಕ್ಕಿಂತ ಕಡಿಮೆ ನಿರ್ಬಂಧದ ದಾರಿ ಇರಕೂಡದು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಯು ಅರ್ಜಿ ಕೊಡಬೇಕು. ಅವಧಿಯು 30 ದಿನಗಳನ್ನು ಮೀರಕೂಡದು. ಮೀರಬೇಕಾದರೆ ಮತ್ತೆ ಪರೀಕ್ಷೆಯೂ ಪುನರ್ವಿಮರ್ಶಾ ಮಂಡಲಿಯ ಅನುಮತಿಯೂ ಬೇಕು. ಸೇರಿಸಿದ ಸುದ್ದಿಯನ್ನು 7 ದಿನಗಳೊಳಗೆ, ಸ್ತ್ರೀಯರ ಮತ್ತು ಬಾಲಕರ ವಿಷಯದಲ್ಲಿ 3 ದಿನಗಳೊಳಗೆ, ಆ ಮಂಡಲಿಗೆ ತಿಳಿಸಬೇಕು. ರೋಗಿಯು ಅಲ್ಲಿ ದೂರು ಹೇಳಿಕೊಳ್ಳಬಹುದು. ಸರಪಳಿ ಸರ್ವಥಾ ನಿಷಿದ್ಧ. ಬೀದಿಯಲ್ಲಿ ಅಲೆಯುವ ರೋಗಿಯನ್ನು ಪೋಲೀಸಿನವರು ಕಾಪಾಡಿ 24 ಗಂಟೆಗಳೊಳಗೆ ಸಾರ್ವಜನಿಕ ಆಸ್ಪತ್ರೆಗೆ ಒಯ್ಯಬೇಕಲ್ಲದೆ ಲಾಕಪ್ಪಿಗೆ ಹಾಕಕೂಡದು. ಬಲವನ್ನು ಅಳತೆಯಿಂದಲೂ ಸಾಕ್ಷಿಯಿಂದಲೂ ಕಟ್ಟಿರುವ ಈ ಕ್ರಮವನ್ನು ಅಧರ್ಮವೆನ್ನುವವರು ಕಾನೂನನ್ನು ಓದಿಲ್ಲ.

ಆದರೆ ಕಾನೂನು ಕಾಣದ ಇನ್ನೊಂದು ಬಲಾತ್ಕಾರವುಂಟು. ಅದನ್ನು ಮಾಡಿದವನು ನಾನೇ ಆದ್ದರಿಂದ ಹೇಳುವೆನು.

1998ರಲ್ಲಿ ಭದ್ರಾವತಿಯಲ್ಲಿ ಕೆಲಸದಲ್ಲಿದ್ದ ನನ್ನ ತಮ್ಮನಿಗೆ ಈ ವ್ಯಾಧಿಯು ಬಂದಿತು. ಜೊತೆಯವರು ಬುತ್ತಿಯಲ್ಲಿ ವಿಷ ಬೆರೆಸುವರೆಂದು ಆರಂಭವಾಗಿ, ಕೊನೆಗೆ ಹೆಂಡತಿ ಕೊಟ್ಟ ನೀರನ್ನೂ ಮುಟ್ಟದಾದನು. ಮನೆತನದ ಹೆಸರು ಹೋದೀತೆಂದು ಹನ್ನೊಂದು ತಿಂಗಳು ಮುಚ್ಚಿಟ್ಟೆವು. ಜೋಯಿಸರನ್ನೂ ಮಂತ್ರವಾದಿಗಳನ್ನೂ ಸುತ್ತಿದೆವು. ಕಡೆಗೊಂದು ದಿನ, “ಕೂಡಲಿಗೆ ಸಂಗಮಸ್ನಾನಕ್ಕೆ ಹೋಗೋಣ, ಬಾ” ಎಂದು ಹೇಳಿ ಕಾರಿನಲ್ಲಿ ಕೂಡಿಸಿಕೊಂಡು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದೆನು. ಅವನು ಪಂಚೆ, ಚೌಕ ಹಿಡಿದು ಬಂದಿದ್ದನು. ಮೂರು ವಾರಗಳಲ್ಲಿ ತಿಳಿಯಾದನು. ಮನೆಗೆ ಬಂದ ದಿನ ಕೇಳಿದ್ದು ಒಂದೇ ಮಾತು: “ಅಣ್ಣಯ್ಯ, ಕೈಕಟ್ಟಿ ಕರೆದುಕೊಂಡು ಹೋಗಿದ್ದರೂ ಮರೆಯುತ್ತಿದ್ದೆ. ಸುಳ್ಳು ಯಾಕೆ ಹೇಳಿದೆ?” ಅಂದಿನಿಂದ ನಾನು ಕೊಟ್ಟ ಮಾತ್ರೆಯನ್ನು ಅವನು ನುಂಗಲಿಲ್ಲ. ಕೂಡಲಿಯ ವಿಷಯದಲ್ಲಿ ಸುಳ್ಳಾಡಿದವನು ಮಾತ್ರೆಯ ವಿಷಯದಲ್ಲಿ ನಿಜವಾಡುವನೆಂದು ಅವನೇಕೆ ನಂಬಬೇಕು? ವರ್ಷ ತುಂಬುವುದರೊಳಗೆ ರೋಗ ಮರಳಿತು, ಕೆಲಸ ಹೋಯಿತು. ರೋಗವು ಕೆಡಿಸಿದ್ದಕ್ಕಿಂತ ನನ್ನ ಉಪಾಯವು ಕೆಡಿಸಿದ್ದೇ ಹೆಚ್ಚು.

2019ರಲ್ಲಿ ಮತ್ತೆ ಅದೇ ಸ್ಥಿತಿಯೊದಗಿತು. ಈ ಬಾರಿ ಎದುರಿಗೆ ಕುಳಿತು ಹೇಳಿದೆನು: “ಇದು ಆಸ್ಪತ್ರೆಗೆ ಹೋಗುವ ದಾರಿ. ನೀನು ಒಪ್ಪದಿದ್ದರೂ ಕರೆದುಕೊಂಡು ಹೋಗುತ್ತೇನೆ. ದಿನವೂ ಬಂದು ನೋಡುತ್ತೇನೆ. ಡಾಕ್ಟರು ಬಿಟ್ಟ ದಿನವೇ ಮನೆಗೆ ಕರೆತರುತ್ತೇನೆ.” ಅವನು ಬೈದನು, ಅತ್ತನು, ನೆರೆಯ ಹುಡುಗರಿಬ್ಬರು ಹಿಡಿದುಕೊಳ್ಳಬೇಕಾಯಿತು. ಆದರೂ ಹದಿನೆಂಟು ದಿನಗಳೂ ನಾನು ಹೋದೆನು. ಬಿಟ್ಟ ದಿನ ಕರೆತಂದೆನು. ಅಂದಿನಿಂದ ಔಷಧ ತಪ್ಪಿಲ್ಲ. ಬಲವು ಎರಡು ಬಾರಿಯೂ ಇತ್ತು. ಸತ್ಯವು ಎರಡನೆಯ ಬಾರಿ ಮಾತ್ರ ಇತ್ತು. ಇದನ್ನು ಬರೆಯಲು ಅವನೇ ಅನುಮತಿಯಿತ್ತಿರುವನು.

ಈಗ ಹಿರಿಯರ ಪಕ್ಷ. ಸೇರಿಸಿದೊಡನೆ ಋಣ ತೀರಿತಂತೆ! ಸೇರಿಸುವುದು ಋಣದ ಮೊದಲ ಕಂತು. ಆಸ್ಪತ್ರೆಯ ಮೂರು ವಾರಗಳು ಬಿರುಗಾಳಿಯನ್ನು ನಿಲ್ಲಿಸಬಲ್ಲವು. ಆ ಮೇಲಿನ ಮೂವತ್ತು ವರ್ಷಗಳು ಮನೆಯಲ್ಲಿಯೇ ಕಳೆಯಬೇಕು. ನಮ್ಮ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೇ ಇದಕ್ಕೆ ಪ್ರಮಾಣವುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2005ರಿಂದ ಅಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳನ್ನು ಊರಿನಲ್ಲಿಯೇ ಗುರುತಿಸಿ, ಔಷಧವಿತ್ತು, ಅನುಸರಿಸಿ ನೋಡಿದರು. ಚಿಕಿತ್ಸೆ ಪಡೆದವರ ಅಶಕ್ತತೆಯು ವರ್ಷದಲ್ಲಿ ತಗ್ಗಿತು. ಪಡೆಯದೆ ಉಳಿದವರದು ಹಾಗೆಯೇ ಉಳಿಯಿತು. ಗೋಡೆಗಳ ನಡುವೆ ಬಚ್ಚಿಡದೆ, ಅಡಕೆ ತೋಟಗಳ ನಡುವಿನ ಮನೆಗಳಲ್ಲಿಯೇ ಗುಣವು ಕಂಡಿತು. ಮನೆಯವರು ಒಲ್ಲರೆಂಬ ಮಾತ್ರದಿಂದ ಯಾರನ್ನೂ ಆಸ್ಪತ್ರೆಯಲ್ಲಿರಿಸಕೂಡದೆಂದು 2017ರ ಅಧಿನಿಯಮವೂ ಹೇಳಿದೆ. ಒಪ್ಪಿಸಿ ಮರೆಯುವ ಹಿರಿಯರಿಗೆ ಕಾನೂನಿನ ಆಶ್ರಯವೂ ಇಲ್ಲ, ಧರ್ಮದ ಆಶ್ರಯವೂ ಇಲ್ಲ.

ಸಾಧನಗಳಿಲ್ಲವೆನ್ನುವಂತಿಲ್ಲ. ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರುಂಟು. 14416 ಎಂಬ ದೂರವಾಣಿಯು 2022ರಿಂದ ಕನ್ನಡದಲ್ಲಿಯೂ ಸಲಹೆ ಕೊಡುತ್ತಿದೆ. 2016ರಲ್ಲಿ ದಿವಂಗತರಾದ ನಮ್ಮ ಊರಿನ ಮನೋವೈದ್ಯ ಡಾ. ಅಶೋಕ ಪೈಯವರು ಲೇಖನಗಳಿಂದಲೂ ಚಲನಚಿತ್ರಗಳಿಂದಲೂ ಈ ನಾಚಿಕೆಯನ್ನು ಕಳೆಯಲು ಶ್ರಮಿಸಿದರು. ಆದರೂ ಸರ್ಕಾರದ ಮೇಲೆ ನನ್ನದೊಂದು ಆಕ್ಷೇಪವುಂಟು. ರೋಗಿಯು ಹೊರಡಲೊಲ್ಲದ ಆ ರಾತ್ರಿ ನಮ್ಮ ಮನೆಯ ಬಾಗಿಲಿಗೆ ಬಂದು, ಮೃದುವಾಗಿ ಮಾತನಾಡಿ, ಜೊತೆಯಲ್ಲಿ ಕರೆದೊಯ್ಯಬಲ್ಲ ಶುಶ್ರೂಷಕನು ಒಬ್ಬನೂ ಇರಲಿಲ್ಲ. ಅಂಥವನನ್ನು ಒದಗಿಸದೆ ಮನೆಯವರಿಂದ ಸತ್ಯವನ್ನೂ ಸಂಯಮವನ್ನೂ ನಿರೀಕ್ಷಿಸುವುದು ಹುಟ್ಟು ಕೊಡದೆ ದೋಣಿ ನಡೆಸೆಂದಂತೆ.

ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ. ಹನ್ನೊಂದು ತಿಂಗಳು ಮುಚ್ಚಿಡಬೇಡಿ. ಮೊದಲ ತಿಂಗಳಲ್ಲಿಯೇ ವೈದ್ಯರಲ್ಲಿಗೆ ಹೋದರೆ ಬಲದ ಅಗತ್ಯವೇ ಬಾರದೆ ಹೋಗಬಹುದು. ರೋಗಿಯು ತಿಳಿಯಾಗಿರುವಾಗಲೇ, ಮುಂದೆ ತನಗೆ ಏನು ಮಾಡಬೇಕು, ತನ್ನ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ಬರೆಯಿಸಿಕೊಳ್ಳಿ. ಅದಕ್ಕೆ ಅಧಿನಿಯಮದಲ್ಲಿ ಅವಕಾಶವಿದೆ. ಬಲವು ಅನಿವಾರ್ಯವಾದರೆ ಪ್ರಯೋಗಿಸಿ, ಆದರೆ ಸುಳ್ಳಾಡಬೇಡಿ. ಸೇರಿಸಿದ ಮರುದಿನ ಮತ್ತೆ ಹೋಗಿರಿ. ನನ್ನ ತಮ್ಮನೂ ನಾನೂ ಕಳೆದ ಮಾಘದಲ್ಲಿ ಕೂಡಲಿಗೆ ಹೋಗಿ ಸಂಗಮದಲ್ಲಿ ಮಿಂದು ಬಂದೆವು. ಇಪ್ಪತ್ತೇಳು ವರ್ಷ ತಡವಾಯಿತು.