ಮಕ್ಕಳು ಹತ್ತಲಿ ಬಿಡಿ



ನಮ್ಮ ಮನೆಯ ಹಳೆಯ ಕೊಟ್ಟಿಗೆಯಲ್ಲಿ ಮೊಮ್ಮಕ್ಕಳಿಗಾಗಿ ಹತ್ತುವ ಗೋಡೆಯೊಂದನ್ನು ಕಟ್ಟಿಸಿದ ಸುದ್ದಿ ನಿಮ್ಮಲ್ಲಿ ಬಹಳ ಜನರಿಗೆ ತಲುಪಿದೆ. ಕಳೆದೊಂದು ತಿಂಗಳಿನಿಂದ ಬರುತ್ತಿರುವ ದೂರವಾಣಿ ಕರೆಗಳೇ ಅದಕ್ಕೆ ಸಾಕ್ಷಿ. ಒಬ್ಬರು ‘ಮೇಷ್ಟ್ರಿಗೆ ಅರಳುಮರಳೇ?’ ಎಂದು ನನ್ನ ಮಗನನ್ನು ವಿಚಾರಿಸಿದರಂತೆ. ಹತ್ತಿರದ ಸಂಬಂಧಿಯೊಬ್ಬರು ನನ್ನನ್ನೇ ಕೇಳಿದರು: ‘ಮಕ್ಕಳ ಕೈಕಾಲು ಮುರಿಸುವುದಕ್ಕೆ ಇಷ್ಟೊಂದು ಖರ್ಚು ಮಾಡಬೇಕಿತ್ತೇ ಭಾವ?’ ಮೂವತ್ತೆಂಟು ವರ್ಷ ಪಾಠ ಹೇಳಿದವನಿಗೆ, ಕೇಳಿದ ಪ್ರಶ್ನೆಗೆ ಉತ್ತರಿಸದೆ ಸುಮ್ಮನಿರುವುದು ಕಷ್ಟ. ಉತ್ತರ ತುಸು ಖಾರವಾದರೆ ಮನ್ನಿಸಬೇಕು.

ಮೊದಲು ಒಂದು ತಪ್ಪೊಪ್ಪಿಗೆ. ಅದನ್ನು ಹೇಳದೆ ವಾದಕ್ಕೆ ನಿಂತರೆ ಅದು ಪ್ರಾಮಾಣಿಕವಾಗದು.

1988ರಲ್ಲಿ ನಾನು ಮಲೆನಾಡಿನ ಒಂದು ಹಳ್ಳಿಯ ಶಾಲೆಯಲ್ಲಿ ಪ್ರಭಾರ ಮುಖ್ಯೋಪಾಧ್ಯಾಯನಾಗಿದ್ದೆ. ಶಾಲೆಯ ಹಿಂದೆ ದೊಡ್ಡದೊಂದು ನೇರಳೆ ಮರವಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳು ಅದರ ಮೇಲೆ ಮರಕೋತಿ ಆಡುತ್ತಿದ್ದರು. ನೇರಳೆಯ ಕೊಂಬೆ ನೋಡಲು ದಪ್ಪ, ನಂಬಲು ಟೊಳ್ಳು. ಜೂನ್ ತಿಂಗಳ ಒಂದು ದಿನ ಆರನೆಯ ತರಗತಿಯ ಹುಡುಗನೊಬ್ಬ ಕೊಂಬೆಯ ಸಮೇತ ಕೆಳಗೆ ಬಿದ್ದ. ಎಡಗೈ ಮುರಿಯಿತು. ಮರುದಿನ ಊರಿನ ಹಿರಿಯರು ಬಂದು ಕೂತರು. ನಾನು ಹೆಚ್ಚು ಯೋಚಿಸಲಿಲ್ಲ. ಒಂದು ವಾರದೊಳಗೆ ಮರವನ್ನು ಕಡಿಸಿದೆ. ಜವಾಬ್ದಾರಿಯುತ ಮೇಷ್ಟ್ರು ಎಂದು ಎಲ್ಲರೂ ಹೊಗಳಿದರು. ಆ ಹೊಗಳಿಕೆಯನ್ನು ನಾನು ಬಹಳ ವರ್ಷ ಮೆಲುಕು ಹಾಕಿದ್ದೇನೆ.

ಮೂರು ವರ್ಷಗಳ ಹಿಂದೆ ಆ ಹುಡುಗ ನಮ್ಮ ಮನೆಗೆ ಬಂದಿದ್ದ. ಹುಡುಗನೆಂದರೆ ಈಗ ಎರಡು ಮಕ್ಕಳ ತಂದೆ. ಮಾತಿನ ನಡುವೆ ನಾನೇ ಆ ಪ್ರಸಂಗವನ್ನು ಎತ್ತಿ, ಅವನ ಕೈಯ ವಿಷಯ ಕೇಳಿದೆ. ಅವನು ನಕ್ಕು ಹೇಳಿದ: ‘ಕೈ ಎರಡು ತಿಂಗಳಲ್ಲಿ ಸರಿಹೋಯಿತು ಸಾರ್. ಆದರೆ ನನ್ನಿಂದಾಗಿ ಮರ ಹೋಯಿತೆಂದು ಉಳಿದ ಹುಡುಗರು ಏಳನೆಯ ತರಗತಿ ಮುಗಿಯುವವರೆಗೂ ನನ್ನನ್ನು ಆಟಕ್ಕೆ ಸೇರಿಸಲಿಲ್ಲ.’

ನನ್ನ ಬಳಿ ಮಾತಿರಲಿಲ್ಲ. ಒಣಗಿದ, ಟೊಳ್ಳಾದ ಕೊಂಬೆಗಳನ್ನಷ್ಟೇ ತೆಗೆಸಬಹುದಿತ್ತು. ಬುಡದಲ್ಲಿ ಮರಳು ಸುರಿಸಬಹುದಿತ್ತು. ಎಷ್ಟು ಎತ್ತರದವರೆಗೆ ಹತ್ತಬಹುದೆಂದು ಕಾಂಡಕ್ಕೆ ಸುಣ್ಣದ ಗೆರೆ ಎಳೆಸಬಹುದಿತ್ತು. ಇಷ್ಟನ್ನು ಮಾಡಲು ಯೋಚಿಸಬೇಕಿತ್ತು; ಕಡಿಸಲು ಕೊಡಲಿಯೊಂದು ಸಾಕಾಗಿತ್ತು. ನಾವು ‘ಮಕ್ಕಳ ಸುರಕ್ಷತೆ’ ಎಂದು ಕರೆಯುವುದರಲ್ಲಿ ಹೆಚ್ಚಿನ ಪಾಲು ದೊಡ್ಡವರ ಸುರಕ್ಷತೆಯೇ ಆಗಿರುತ್ತದೆ. ನಾಳೆ ಯಾರೂ ನಮ್ಮನ್ನು ಪ್ರಶ್ನಿಸಬಾರದು, ಅಷ್ಟೇ.

ಇನ್ನು ಗೋಡೆಯ ವಿಷಯ. ಹಸುಗಳನ್ನು ಕೊಟ್ಟ ಮೇಲೆ ಕೊಟ್ಟಿಗೆ ಖಾಲಿ ಬಿದ್ದಿತ್ತು. ಬೆಂಗಳೂರಿನಲ್ಲಿ ಈ ಆಟ ಕಲಿಯುತ್ತಿರುವ ಮೊಮ್ಮಗಳು ರಜೆಯಲ್ಲಿ ಬಂದವಳು ಮೂಲೆಯಲ್ಲಿ ನಿಂತು ಮಾಡನ್ನು ನೋಡಿ, ‘ಅಜ್ಜ, ಇಲ್ಲಿ ಒಂದು ಕ್ಲೈಂಬಿಂಗ್ ವಾಲ್ ಕಟ್ಟಬಹುದು’ ಎಂದಳು. ನಾನು ಒಂದು ನೇರವಾದ ಗೋಡೆಯ ನಕ್ಷೆ ಬರೆದೆ. ಅವಳು ಅದನ್ನು ಒಪ್ಪಲಿಲ್ಲ. ‘ನೆಟ್ಟಗಿನ ಗೋಡೆಯಿಂದ ಜಾರಿದರೆ ಕೆಳಗಿನ ಹಿಡಿಕೆಗಳಿಗೆ ಮೊಣಕಾಲು, ಗಲ್ಲ ತರಚುತ್ತದೆ. ಗೋಡೆ ನಮ್ಮ ಕಡೆಗೆ ಬಾಗಿದ್ದರೆ ಬಿದ್ದವರು ಸೀದಾ ಹಾಸಿಗೆಯ ಮೇಲೆ ಬೀಳುತ್ತಾರೆ’ ಎಂದಳು. ಗಣಿತದ ಮೇಷ್ಟ್ರಿಗೆ ಹನ್ನೆರಡು ವರ್ಷದ ಹುಡುಗಿ ಪಾಠ ಹೇಳಿದಳು. ಪಾಠ ಸರಿಯಾಗಿಯೇ ಇತ್ತು.

ಕೊನೆಗೆ ನಿಂತದ್ದು ಹೀಗೆ: ನೆಲದಿಂದ ಒಂದು ಅಡಿ ನೆಟ್ಟಗಿನ ಹಲಗೆ, ಅದರ ಮೇಲೆ 8 ಅಡಿ ಉದ್ದ, 4 ಅಡಿ ಅಗಲದ ಎರಡು ಪ್ಲೈವುಡ್ ಹಲಗೆಗಳು ಅಕ್ಕಪಕ್ಕ, 20 ಡಿಗ್ರಿ ಮುಂದಕ್ಕೆ ಬಾಗಿ. ಒಟ್ಟು ಎತ್ತರ ಸುಮಾರು ಎಂಟೂವರೆ ಅಡಿ. ತುದಿ ಬುಡಕ್ಕಿಂತ ಎರಡೂ ಮುಕ್ಕಾಲು ಅಡಿ ಮುಂದಿದೆ. ಹಲಗೆಯ ದಪ್ಪ 18 ಮಿಲಿಮೀಟರ್. ಉಳಿತಾಯದ ಆಸೆಗೆ ನಾನು ಮೊದಲು ತಂದದ್ದು 12 ಮಿಲಿಮೀಟರಿನದು. ಆಚಾರಿ ಅದರ ಮೇಲೆ ಮೊಣಕೈ ಊರಿ ಬಗ್ಗಿಸಿ ತೋರಿಸಿ ವಾಪಸು ಕಳಿಸಿದರು. ಹಿಂದಿನ ಚೌಕಟ್ಟಿಗೆ ಅಟ್ಟದ ಹಳೆಯ ತೊಲೆಗಳನ್ನೇ ಬಳಸಿದೆವು. ಮಣ್ಣಿನ ಗೋಡೆಯ ಮೇಲೆ ಭಾರ ಹಾಕಲಿಲ್ಲ. ನೇತಾಡುವ, ಜಿಗಿಯುವ ದೇಹ ತನ್ನ ತೂಕಕ್ಕಿಂತ ಹೆಚ್ಚು ಜಗ್ಗುತ್ತದೆ. ಆದ್ದರಿಂದ ಚೌಕಟ್ಟು ತನ್ನ ಕಾಲ ಮೇಲೆ ತಾನೇ ನಿಂತಿದೆ, ಮೇಲ್ತುದಿ ಕೊಟ್ಟಿಗೆಯ ಕಂಬಗಳಿಗೆ ಬಿಗಿದಿದೆ.

ಎಂಟು ಅಂಗುಲಕ್ಕೊಂದರಂತೆ 144 ತೂತು; ಪ್ರತಿ ತೂತಿನ ಹಿಂದೆ ಹಲ್ಲುಗಳಿರುವ ಒಂದು ನಟ್ಟು. ಅದಕ್ಕೆ 10 ಮಿಲಿಮೀಟರಿನ ಬೋಲ್ಟಿನಿಂದ ಹಿಡಿಕೆಗಳನ್ನು ಬಿಗಿಯುವುದು. ಬೇಸರವಾದಾಗ ಹಿಡಿಕೆಗಳ ಜಾಗ ಬದಲಿಸಿದರೆ ಅದೇ ಗೋಡೆ ಹೊಸ ಗೋಡೆಯಾಗುತ್ತದೆ. ಸ್ವಲ್ಪ ಹಿಡಿಕೆಗಳು ಪೇಟೆಯಿಂದ ಬಂದವು. ಉಳಿದವನ್ನು ಹಲಸಿನ ಮರದ ತುಂಡುಗಳಿಂದ ಆಚಾರಿಯೇ ಕೆತ್ತಿ, ಅಂಚು ಉಜ್ಜಿ ನುಣುಪು ಮಾಡಿದರು. ಚರ್ಮಕ್ಕೆ ಮರವೇ ಹಿತವೆಂದು ಮೊಮ್ಮಗಳ ತೀರ್ಪು.

ತಪ್ಪುಗಳೂ ಆದವು. ಎರಡನೆಯ ದಿನ ಹಿಡಿಕೆಯೊಂದು ಬೋಲ್ಟಿನ ಸುತ್ತ ತಿರುಗಿಬಿಟ್ಟಿತು, ಮೊಮ್ಮಗ ಬಿದ್ದ. ಅವನ ಕಾಲು ಎರಡು ಹಾಸಿಗೆಗಳ ನಡುವಿನ ಸಂದಿಗೆ ಸಿಕ್ಕಿ ಉಳುಕಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ನೇರಳೆ ಮರವೇ ಕಣ್ಣ ಮುಂದೆ. ಬೆಳಿಗ್ಗೆ ಎದ್ದು ಎಲ್ಲವನ್ನೂ ಬಿಚ್ಚಿಸಿಬಿಡೋಣವೆಂದು ಹೊರಟವನು ಕೊಟ್ಟಿಗೆಯ ಬಾಗಿಲಲ್ಲಿ ನಿಂತೆ. ಈ ಸಲ ಕೊಡಲಿಯ ಬದಲು ಯೋಚನೆ ಮಾಡಿದೆ. ಪ್ರತಿ ಹಿಡಿಕೆಗೂ ತಿರುಗದಂತೆ ಒಂದೊಂದು ಮರದ ಸ್ಕ್ರೂ ಹೆಚ್ಚಾಗಿ ಹಾಕಿಸಿದೆವು. ಒಂದು ಅಡಿ ದಪ್ಪದ ಫೋಮ್ ಹಾಸಿಗೆಗಳ ಸಂದಿ ಮುಚ್ಚುವಂತೆ ಮೇಲೊಂದು ಗಟ್ಟಿ ಹಾಸು ಬಂತು. ಬಾಗಿಲ ಮೇಲೆ ನಿಯಮಗಳನ್ನು ಬರೆದು ಅಂಟಿಸಿದೆ: ಉಂಗುರ, ಬಳೆ, ಸರ ತೆಗೆದಿಟ್ಟು ಹತ್ತಬೇಕು; ಖಾಲಿ ತೂತಿಗೆ ಬೆರಳು ತೂರಿಸಬಾರದು; ಒಬ್ಬರು ಮೇಲಿದ್ದಾಗ ಕೆಳಗೆ ಯಾರೂ ನಿಲ್ಲಬಾರದು; ವಾರಕ್ಕೊಮ್ಮೆ ಎಲ್ಲ ಬೋಲ್ಟುಗಳನ್ನು ಬಿಗಿ ಮಾಡಬೇಕು. ಬೆಳೆಯುವ ಮಕ್ಕಳ ಬೆರಳ ಮೂಳೆಗಳು ಇನ್ನೂ ಎಳೆಯವಾದ್ದರಿಂದ, ಉಗುರು ಮಾತ್ರ ಊರುವಂಥ ಸಣ್ಣ ಅಂಚುಗಳನ್ನು ನಮ್ಮ ಗೋಡೆಯಲ್ಲಿ ಇಟ್ಟೇ ಇಲ್ಲ.

ಈಗ ಆಕ್ಷೇಪಗಳಿಗೆ ಬರೋಣ.

‘ಬೀಳುತ್ತಾರೆ.’ ಹೌದು, ಬೀಳುತ್ತಾರೆ. ದಿನಕ್ಕೆ ಇಪ್ಪತ್ತು ಸಲ ಬೀಳುತ್ತಾರೆ, ಇಪ್ಪತ್ತೊಂದನೆಯ ಸಲ ಏಳುತ್ತಾರೆ. ಅಪಾಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಉಳುಕಿದ ಕಾಲನ್ನು ನಾನೇ ನೋಡಿದ್ದೇನೆ. ಆದರೆ ಎಂಟು ಅಡಿಯಿಂದ ಹಾಸಿಗೆಯ ಮೇಲೆ ಬೀಳಲು ಬಿಡದ ನಾವೇ, ಹದಿನಾರರ ಹುಡುಗನ ಕೈಗೆ ಬೈಕಿನ ಕೀಲಿ ಕೊಟ್ಟು ಹೆಮ್ಮೆಪಡುತ್ತೇವಲ್ಲ! ತನ್ನ ದೇಹದ ತೂಕವೆಷ್ಟು, ತನ್ನ ಹಿಡಿತವೆಷ್ಟು, ಯಾವಾಗ ಹಿಂದಕ್ಕೆ ಇಳಿಯಬೇಕು ಎಂಬ ಲೆಕ್ಕವನ್ನು ಯಾವ ಪಠ್ಯಪುಸ್ತಕವೂ ಕಲಿಸದು. ಕೈಕಾಲು ನಾಲ್ಕರಲ್ಲಿ ಒಂದನ್ನು ಬಿಡುವಾಗ ಉಳಿದ ಮೂರು ಗಟ್ಟಿಯಾಗಿರಬೇಕೆಂಬುದು ಮರ ಹತ್ತುವವರ ಮೊದಲ ಪಾಠ. ಬದುಕಿಗೂ ಅದು ಬೇಡವೇ?

‘ಹೆಣ್ಣುಮಕ್ಕಳಿಗೇಕೆ?’ ಇದಕ್ಕೆ ಉತ್ತರ ನನ್ನ ಹೆಂಡತಿಯದು. ತವರಿನ ಪೇರಲೆ ಮರವನ್ನು ಹತ್ತು ವರ್ಷದವರೆಗೆ ಹತ್ತಿದವಳಿಗೆ, ಒಂದು ದಿನ ಯಾರೋ ‘ಇನ್ನು ಸಾಕು’ ಎಂದರಂತೆ. ಯಾಕೆಂದು ಯಾರೂ ಹೇಳಲಿಲ್ಲ. ಮೊನ್ನೆ ಮಕ್ಕಳು ಊಟಕ್ಕೆ ಹೋದಾಗ, ಅರವತ್ತೆಂಟರ ಆಕೆ ಸೆರಗು ಸಿಕ್ಕಿಸಿ ಮೂರು ಹಿಡಿಕೆ ಹತ್ತಿ ಇಳಿದದ್ದನ್ನು ನಾನು ಬಾಗಿಲ ಮರೆಯಿಂದ ನೋಡಿದೆ. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ. ಇದನ್ನು ಓದಿದಾಗ ಗೊತ್ತಾಗಲಿ.

‘ಇಷ್ಟು ಖರ್ಚೇ?’ ಒಟ್ಟು 70 ಸಾವಿರ ರೂಪಾಯಿ, ಅದರಲ್ಲಿ ಸುಮಾರು ಅರ್ಧ ಹಾಸಿಗೆಗೆ. ನಮ್ಮ ಬಂಧುಗಳಲ್ಲಿ ಇದಕ್ಕಿಂತ ಹೆಚ್ಚನ್ನು ಒಂದು ಮಗುವಿನ ಒಂದು ವರ್ಷದ ಟ್ಯೂಷನ್ನಿಗೆ ಕೊಡುವವರಿದ್ದಾರೆ. ಅವರನ್ನು ಯಾರೂ ಅರಳುಮರಳೇ ಎಂದು ಕೇಳಿಲ್ಲ.

‘ಇದರಿಂದ ಉಪಯೋಗವೇನು?’ ಒಲಿಂಪಿಕ್ಸಿನಲ್ಲಿ ಈ ಆಟವಿದೆಯೆಂದು ಹೇಳಿ ನಿಮ್ಮ ಬಾಯಿ ಮುಚ್ಚಿಸಬಹುದು. ಟೋಕಿಯೋ ಕೂಟದಲ್ಲಿ, ಅಂದರೆ 2021ರಲ್ಲಿ, ಅದು ಮೊದಲ ಸಲ ಸೇರಿತು. 2024ರ ಪ್ಯಾರಿಸ್ ಕೂಟದಲ್ಲಿ 15 ಮೀಟರ್ ಗೋಡೆಯನ್ನು ಐದು ಸೆಕೆಂಡಿಗೂ ಮೊದಲೇ ಹತ್ತಿ ಮುಗಿಸಿದವರಿದ್ದರು. ಆದರೆ ಆ ವಾದ ನನಗೆ ಬೇಡ. ಪದಕ, ಸರ್ಟಿಫಿಕೇಟು ಸಿಗುವುದಾದರೆ ಮಾತ್ರ ಆಟ ಒಳ್ಳೆಯದೆನ್ನುವುದು ನಮ್ಮ ಕಾಲದ ದೊಡ್ಡ ರೋಗ. ಮರಕೋತಿಗೆ ಯಾವ ಪದಕವಿತ್ತು?

ಇದರೊಳಗೆ ನಾವು ಬಾಯಿಬಿಟ್ಟು ಹೇಳದ ಇನ್ನೊಂದು ಮಾತಿದೆ. ಹತ್ತುವುದು ಕೂಲಿಯವರ ಕೆಲಸವೆಂಬ ತಾತ್ಸಾರ. ನಮ್ಮ ತೋಟಗಳಲ್ಲಿ ಕೊನೆಗೌಡ ಕಾಲಿಗೆ ತಳೆ ಹಾಕಿ ಅಡಕೆ ಮರವೇರಿ, ತುದಿಯಲ್ಲಿ ತೂಗಿ ಪಕ್ಕದ ಮರಕ್ಕೆ ದಾಟುತ್ತಿದ್ದ. ಅದನ್ನು ನಾವು ಕೆಳಗೆ ನಿಂತು ನೋಡಿದೆವು, ಕೂಲಿ ಕೊಟ್ಟೆವು, ವಿದ್ಯೆಯೆಂದು ಗೌರವಿಸಲಿಲ್ಲ. ಅವನ ಮಕ್ಕಳು ಆ ಕೆಲಸ ಬೇಡವೆಂದು ಊರು ಬಿಟ್ಟರೆ ಅದರಲ್ಲಿ ಅವರ ತಪ್ಪಿಲ್ಲ. ಈಗ ಮರ ಹತ್ತುವವರಿಲ್ಲದೆ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದ ಮೇಲಿಂದಲೇ ಕೊನೆ ಕೊಯ್ಯುತ್ತಿದ್ದೇವೆ. ಪ್ರಾಣಾಪಾಯ ತಪ್ಪಿದ್ದು ಒಳ್ಳೆಯದೇ. ಆದರೆ ಒಂದು ವಿದ್ಯೆಯನ್ನು ಕೀಳೆಂದು ಕಂಡು ಕಳೆದುಕೊಂಡವರು, ಅದೇ ವಿದ್ಯೆ ನಗರದಲ್ಲಿ ಬಣ್ಣಬಣ್ಣದ ಹಿಡಿಕೆ ತೊಟ್ಟು ಬಂದಾಗ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಮಕ್ಕಳನ್ನು ಕಳಿಸುತ್ತೇವೆಂಬುದನ್ನು ನೆನಪಿಡಬೇಕು.

ಕೊನೆಯದಾಗಿ, ಶಿಕ್ಷಕರಾಗಿರುವ, ಶಾಲಾಭಿವೃದ್ಧಿ ಸಮಿತಿಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ 1964ರಲ್ಲಿ ಡಾನ್ ರಾಬಿನ್ಸನ್ ಎಂಬ ದೈಹಿಕ ಶಿಕ್ಷಣದ ಅಧ್ಯಾಪಕ ಒಂದು ಓಣಿಯಂಥ ಹಜಾರದ ಗೋಡೆಗೆ ಕಲ್ಲಿನ ತುಂಡುಗಳನ್ನು ಕೂರಿಸಿ ಹತ್ತುವ ಗೋಡೆ ಮಾಡಿದ. ದೊಡ್ಡ ಕ್ರೀಡಾಂಗಣ ಬೇಕಾಗಲಿಲ್ಲ. ನಮ್ಮ ಶಾಲೆಗಳಲ್ಲಿಯೂ ಮೇಲಕ್ಕೆ ಹತ್ತದೆ, ನೆಲದಿಂದ ಎರಡಡಿಯ ಎತ್ತರದಲ್ಲಿ ಅಡ್ಡಲಾಗಿ ಸಾಗುವಂಥ ಗೋಡೆಯೊಂದನ್ನು ಮಾಡಬಹುದು. ಬಿದ್ದರೂ ಕಾಲು ಮರಳ ಮೇಲೆಯೇ ಊರುತ್ತದೆ. ಗಟ್ಟಿಯಾದ ಗೋಡೆ, ಬುಡಕ್ಕೆ ಮರಳು, ಒಬ್ಬ ಒಳ್ಳೆಯ ಆಚಾರಿ, ನಿಗಾ ವಹಿಸುವ ಒಬ್ಬ ಶಿಕ್ಷಕ: ಇಷ್ಟಿದ್ದರೆ ಸಾಕು.

1988ರಲ್ಲಿ ನಾನು ಮರ ಕಡಿಸಿದ ಆ ಶಾಲೆಯವರು ಒಪ್ಪಿದರೆ, ಮೊದಲ ಗೋಡೆಯ ಖರ್ಚು ನನ್ನ ಪಿಂಚಣಿಯದು. ಗೋಡೆಯ ಪಕ್ಕದಲ್ಲಿ ಒಂದು ನೇರಳೆ ಸಸಿಯನ್ನೂ ನೆಡಬೇಕೆಂದಿದ್ದೇನೆ. ಅದು ಹತ್ತುವಷ್ಟು ಬೆಳೆಯುವ ಹೊತ್ತಿಗೆ ನಾನಿರಲಾರೆ; ಆಗ ಯಾವ ಮುಖ್ಯೋಪಾಧ್ಯಾಯರಿರುತ್ತಾರೋ ಅವರು ಕೊಡಲಿ ಎತ್ತುವ ಮುನ್ನ ಒಂದು ರಾತ್ರಿ ಯೋಚಿಸಲಿ.

ದಸರಾ ರಜೆಗೆ ಮಕ್ಕಳನ್ನು ಕರೆದುಕೊಂಡು ಬನ್ನಿ. ಕೊಟ್ಟಿಗೆಯ ಬಾಗಿಲು ತೆರೆದಿರುತ್ತದೆ. ಆಕ್ಷೇಪವಿರುವವರೂ ಬರಲಿ. ಮೊದಲು ಹತ್ತಿ ನೋಡಿ, ಆಮೇಲೆ ಜಗಳವಾಡೋಣ.