ಕರುವಿನ ಬಾಲದ ಬುಡಕ್ಕೆ ಯಾವ ಇಂಜೆಕ್ಷನ್?

ಬಾಲದ ಗಾಯಕ್ಕೋ, ಹೋರಿಗರುವಿನ ಬೀಜ ಒಡೆಸಲಿಕ್ಕೋ ಡಾಕ್ಟರು ಬಂದಾಗ ನವಲಗುಂದ, ಕುಂದಗೋಳ ಕಡೆ ಒಂದು ಮಾತು ಬಂದೇ ಬರ್ತದ: ‘ಸಾಹೇಬ್ರ, ಭಾಳ ಹೊತ್ತ ತಡಿಯೋದು ಹಾಕ್ರಿ.’ ಕರುವಿನ ಮೇಲಿನ ಕಾಳಜಿ ಸರಿ. ಆದರೆ ಭಾಳ ಹೊತ್ತು ತಡೆಯುವುದೇ ಒಳ್ಳೆಯ ಔಷಧ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಬಾಲದ ಬುಡದ ಎಲುಬಿನ ಸಂದಿಯಲ್ಲಿ ಕೊಡುವ ಇದಕ್ಕೆ ಎಪಿಡ್ಯೂರಲ್ ಅಂತಾರೆ. ಹಳೆಯ, ನಂಬಿಗಸ್ತ ಔಷಧ ಲಿಗ್ನೋಕೇನ್. 2 ಪರ್ಸೆಂಟ್ ಬಾಟಲಿಯದು 100 ಕೆ.ಜಿ. ತೂಕಕ್ಕೆ ಸುಮಾರು 1 ಎಂ.ಎಲ್. ಐದು ನಿಮಿಷದಲ್ಲಿ ಬಾಲ ಜೋತು ಬೀಳ್ತದ, ಒಂದು-ಒಂದೂವರೆ ತಾಸಿಗೆ ಜೋಮು ಇಳೀತದ. ಪ್ರಮಾಣ ಮೀರದಿದ್ದರೆ ಕರು ನಿಂತೇ ಇರ್ತದ.

ಇನ್ನೊಂದು ಝೈಲಜೀನ್. ಹತ್ತು-ಹದಿನೈದು ನಿಮಿಷ ಕಾಯಬೇಕು, ಆದರೆ ಸುಮಾರು ನಾಲ್ಕು ತಾಸು ತಡೀತದ. ಲಿಗ್ನೋಕೇನ್ ಜೊತೆ ಕೂಡಿಸಿದರೆ ಬೇಗ ಹತ್ತಿ, ಇನ್ನೂ ಹೆಚ್ಚು ಹೊತ್ತು. ರೈತರಿಗೆ ಇದೇ ಹಿಡಿಸೋದು. ಆದರೆ ಝೈಲಜೀನ್ ಬಾಲದ ಬುಡದಲ್ಲೇ ನಿಲ್ಲುವುದಿಲ್ಲ, ಮೈಗೆಲ್ಲ ಏರ್ತದ. ಮಂಪರು, ಜೊಲ್ಲು, ಹಿಂಗಾಲು ತೂರಾಡೋದು, ಎದೆಬಡಿತ ನಿಧಾನ, ಹೊಟ್ಟೆ ಉಬ್ಬರ. ಕುದುರೆಗೆ ಬೇಕಾದುದರ ಹತ್ತನೇ ಒಂದು ಪಾಲು ದನಕ್ಕೆ ಸಾಕು. 50 ಕೆ.ಜಿ. ಕರುವಿಗೆ ಬೇಕಾದದ್ದು 2.5 ಮಿ.ಗ್ರಾಂ. ಆಸುಪಾಸು, ಅಂದರೆ 20 ಮಿ.ಗ್ರಾಂ. ಬಾಟಲಿಯಿಂದ ಒಂದು ಎಂ.ಎಲ್.ನ ಎಂಟನೇ ಒಂದು ಭಾಗ! ಕಣ್ಣಳತೆಯ ತೂಕ ಇಲ್ಲಿ ನಡೆಯೋದಿಲ್ಲ. ಕಡಲೆ ತೂಗುವ ಕಾಟಾ ಮನೆಯಲ್ಲಿದ್ದರೆ ಕರುವನ್ನೂ ತೂಗಿ ಇಡ್ರಿ, ಡಾಕ್ಟರಿಗೆ ದೊಡ್ಡ ಉಪಕಾರ.

ನಮ್ಮ ಕಡೆಯ ಬಿಸಿಲೂ ಲೆಕ್ಕಕ್ಕೆ ಬರಬೇಕು. ಝೈಲಜೀನ್ ಕೊಟ್ಟ ಕರು ಮೈಯ ಬಿಸಿ ಕಾಯ್ದುಕೊಳ್ಳಲಾರದು. ಏಪ್ರಿಲ್ ಮಧ್ಯಾಹ್ನ ಎರೆಹೊಲದ ಬದುವಿನಲ್ಲಿ ಅದನ್ನು ಕಟ್ಟಿ, ನಾವು ಕೆಲಸಕ್ಕೆ ಹೋಗೋದು ಅಂದ್ರ ಅಪಾಯ. ಸಣ್ಣ ಕರುವಿನ ಬಾಲ, ಗುದದ್ವಾರದ ಸುತ್ತಲಿನ ಕೆಲಸಕ್ಕೆ ಲಿಗ್ನೋಕೇನ್ ಒಂದೇ ಸಾಕು ಅಂತ ನನ್ನ ಅಭಿಪ್ರಾಯ. ಝೈಲಜೀನ್ ಬೇಕೇಬೇಕು ಅಂತ ಡಾಕ್ಟರು ಅಂದರೆ, ಮನೆಯವರೊಬ್ಬರು ಐದಾರು ತಾಸು ನೆರಳಲ್ಲಿ ಕರುವಿನ ಹತ್ತಿರ ಕೂಡಬೇಕು. ಅಡ್ಡ ಬೀಳದಂತೆ ಎದೆಯ ಮೇಲೆ ಕೂಡಿಸಿ, ಪೂರ್ಣ ಎಚ್ಚರಾಗೋತನಕ ಹಾಲು, ನೀರು ಹಾಕಬಾರದು. ಗಬ್ಬದ ಕೊನೆ ತಿಂಗಳಿನ ಮಣಕ ಇದ್ದರೆ ಮೊದಲೇ ಹೇಳ್ರಿ, ಈ ಔಷಧ ಗರ್ಭಕೋಶವನ್ನು ಹಿಂಡ್ತದ.

ಬೀಜ ಒಡೆಸೋದು ಬೇರೆ ಮಾತು. ಬಾಲದ ಬುಡಕ್ಕೆ ಕೊಟ್ಟ ಸ್ವಲ್ಪ ಲಿಗ್ನೋಕೇನ್ ಬೀಜದ ನರದತನಕ ಮುಟ್ಟೋದಿಲ್ಲ. ಅಲ್ಲಿಗೇ ಬೇರೆ ಇಂಜೆಕ್ಷನ್ ಬೇಕು, ಕೇಳಿ ಹಾಕಿಸ್ರಿ. ಹೊಕ್ಕಳ ಹರ್ನಿಯಾಕ್ಕಂತೂ ಸೊಂಟದ ಹತ್ತಿರ ಹೆಚ್ಚು ಪ್ರಮಾಣ ಕೊಡಬೇಕಾಗ್ತದ, ಹಿಂಗಾಲು ಸೋತು ಕರು ಮಲಗ್ತದ. ಅದು ಹಿತ್ತಲಲ್ಲಿ ಮಾಡಿಸುವ ಕೆಲಸ ಅಲ್ಲ. ಅಣ್ಣಿಗೇರಿ ಕಡೆಯವರಿಗೆ ಗದಗಿನ ಪಶುವೈದ್ಯಕೀಯ ಕಾಲೇಜು ದೂರೇನಲ್ಲ.