ಎಷ್ಟು ಟನ್ ಅನ್ನೋದು ಎರಡನೇ ಪ್ರಶ್ನೆ

ಇವತ್ತಿನ ಮಾತು ಎಲೆಕ್ಟ್ರಿಕ್ ಹಾಯ್ಸ್ಟ್ ಬಗ್ಗೆ, ಅಂದರೆ ಮೋಟಾರ್ ಕೂರಿಸಿದ ರಾಟೆ ಬಗ್ಗೆ. ಇಲ್ಲಿ ಜರ್ಮನಿಯ ಕಾರ್ಖಾನೆಗಳಲ್ಲಿ ದುಡಿಯೋ ನಮ್ಮವರಿಗೂ, ಪೀಣ್ಯದಲ್ಲಿ ವರ್ಕ್‌ಶಾಪ್ ನಡೆಸೋರಿಗೂ ಇದು ಹೊಸದಲ್ಲ. ಕೊಳ್ಳೋವಾಗ ಎಲ್ಲರೂ ಮೊದಲು ಕೇಳೋದು, "ಎಷ್ಟು ಟನ್ ಎತ್ತುತ್ತೆ?" ಅಂತ. ನಮ್ಮ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೆಯದು: ದಿನಕ್ಕೆ ಎಷ್ಟು ಹೊತ್ತು, ಎಷ್ಟು ಸಲ ಎತ್ತಬೇಕು?

ಮೊದಲು ವಿಧಗಳನ್ನ ನೋಡೋಣ. ಮನೆಯ ಗ್ಯಾರೇಜಿಗೆ ಅಂತ ಮಾರೋ ಮಿನಿ ಹಾಯ್ಸ್ಟ್‌ಗಳ ಡಬ್ಬಿ ಮೇಲೆ 500 ಕೆಜಿ ಅಂತ ದಪ್ಪಕ್ಷರದಲ್ಲಿ ಇರುತ್ತೆ. ಅದು ಕೇಬಲ್ಲನ್ನು ರಾಟೆ ಮೂಲಕ ಎರಡು ಎಳೆ ಮಾಡಿದಾಗಿನ ಲೆಕ್ಕ. ಒಂದೇ ಎಳೆಯಲ್ಲಿ ಅದರ ಶಕ್ತಿ 250 ಕೆಜಿ ಮಾತ್ರ. ಜೊತೆಗೆ ಎಸ್3 20% ಅಂತ ಸಣ್ಣಕ್ಷರದಲ್ಲಿ ಬರೆದಿದ್ದರೆ, ಹತ್ತು ನಿಮಿಷದಲ್ಲಿ ಎರಡು ನಿಮಿಷ ಮಾತ್ರ ಓಡಿಸಬೇಕು, ಉಳಿದ ಎಂಟು ನಿಮಿಷ ಮೋಟಾರ್ ತಣ್ಣಗಾಗಬೇಕು ಅಂತ ಅರ್ಥ.

ಎರಡನೆಯದು ಚೈನ್ ಹಾಯ್ಸ್ಟ್. ಗಟ್ಟಿಮುಟ್ಟು, ಕೊಕ್ಕೆ ನೇರವಾಗಿ ಮೇಲೇರುತ್ತೆ, ಸಣ್ಣ ವರ್ಕ್‌ಶಾಪಿಗೆ ಸರಿಯಾದ ಆಯ್ಕೆ. ಮೂರನೆಯದು ವೈರ್ ರೋಪ್ ಹಾಯ್ಸ್ಟ್. ಹೆಚ್ಚು ಭಾರ, ಹೆಚ್ಚು ಎತ್ತರ, ಹೆಚ್ಚು ವೇಗ ಬೇಕಾದ ಕಡೆ ಇದೇ ಬೇಕು. ಆದರೆ ಹಗ್ಗ ಡ್ರಮ್ಮಿಗೆ ಸುತ್ತುತ್ತಾ ಹೋದಂತೆ, ಸಾದಾ ಮಾದರಿಗಳಲ್ಲಿ ಕೊಕ್ಕೆ ಸ್ವಲ್ಪ ಪಕ್ಕಕ್ಕೆ ಸರಿಯುತ್ತೆ.

ಈಗ ಅಸಲು ವಿಷಯ. ಯುರೋಪಿನ ಎಫ್‌ಇಎಂ ವರ್ಗೀಕರಣದಲ್ಲಿ 1ಎಎಂ ವರ್ಗದ ಹಾಯ್ಸ್ಟಿಗೆ ಪೂರ್ಣ ಭಾರದಲ್ಲಿ ಲೆಕ್ಕದ ಆಯಸ್ಸು 800 ಗಂಟೆ, 2ಎಂ ವರ್ಗಕ್ಕೆ 1600 ಗಂಟೆ. ಎರಡರ ಮೇಲೂ "1 ಟನ್" ಅಂತಲೇ ಬರೆದಿರಬಹುದು! ಇನ್ನೊಂದು ಸ್ವಾರಸ್ಯ: ಈ ಲೆಕ್ಕದಲ್ಲಿ ಸವೆತ ಭಾರದ ಘನದಂತೆ ಏರುತ್ತೆ. ಹಾಗಾಗಿ ಒಂದು ಟನ್ನಿನ ಯಂತ್ರದಲ್ಲಿ ಯಾವಾಗಲೂ ಅರ್ಧ ಟನ್ ಮಾತ್ರ ಎತ್ತಿದರೆ ಆಯಸ್ಸು ಎರಡು ಪಟ್ಟಲ್ಲ, ಎಂಟು ಪಟ್ಟು.

"ದುಡ್ಡು ಜಾಸ್ತಿ ಆಗುತ್ತಲ್ಲ?" ಅಂತೀರಿ. ನಿಜ. ವರ್ಷಕ್ಕೆ ನಾಲ್ಕು ಸಲ ಎಂಜಿನ್ ಇಳಿಸೋರಿಗೆ ಮಿನಿ ಹಾಯ್ಸ್ಟೇ ಸಾಕು, ಹೆಚ್ಚು ಸುರಿಯೋದು ದಂಡ. ಆದರೆ ಅದನ್ನೇ ದಿನವಿಡೀ ದುಡಿಸೋ ಕಡೆ ನೇತುಹಾಕೋದು ಉಳಿತಾಯ ಅಲ್ಲ. ಸವೆಯೋದು ಮೋಟಾರ್ ಒಂದೇ ಅಲ್ಲ, ಬ್ರೇಕೂ ಸವೆಯುತ್ತೆ. ಕರೆಂಟ್ ಹೋದಾಗ ಭಾರವನ್ನ ಹಿಡಿದಿಡೋದು ಆ ಬ್ರೇಕೇ.

ಯಾವ ಹಾಯ್ಸ್ಟ್ ತಂದರೂ ಮೂರು ಮಾತು ಒಂದೇ. ಓರೆಯಾಗಿ ಎಳೆಯಬೇಡಿ. ಸರಕು ಎತ್ತೋ ಕೊಕ್ಕೆಯಲ್ಲಿ ಮನುಷ್ಯರನ್ನ ಎತ್ತಬೇಡಿ. ತೂಗೋ ಭಾರದ ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಅಂಗಡಿಯವರು ಟನ್ ಲೆಕ್ಕ ಹೇಳಿದರೆ, ನೀವು ವರ್ಗ ಯಾವುದು ಅಂತ ಕೇಳಿ. ಉತ್ತರ ಬರದಿದ್ದರೆ ಮುಂದಿನ ಅಂಗಡಿಗೆ ಹೋಗಿ.